ಡಾರ್ಕಸ್ ಟೀಚರು ಬರೆದುಕೊಂಡ ಮಾತು

ಯಾರ್ಕ್‌ಷೈರಿನ ಸ್ವೇಲ್ ಹೊಳೆಯ ಕಣಿವೆಗೆ ಡಾರ್ಕಸ್ ಹೆಬಲ್‌ವೈಟ್ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹಲ್ ಬಂದರಿನ ಕಡೆಯವಳು. ಊರಿನ ಶಾಲೆಯಲ್ಲಿ ಪಾಠ ಹೇಳುತ್ತಾ, ಗಾಡಿಯ ಚಕ್ರ ಮಾಡುವ ತಮ್ಮ ಕಿಟ್‌ನ ಜೊತೆ ಇದ್ದಳು. ಮದುವೆಯಾಗಿರಲಿಲ್ಲ. ವಯಸ್ಸು ಐವತ್ತೆರಡು.

ದೊಡ್ಡ ನಿಘಂಟೊಂದನ್ನು ಕಟ್ಟುತ್ತಿದ್ದ ಪಂಡಿತರೊಬ್ಬರು ಊರೂರಿನ ಓದುಬಲ್ಲವರ ನೆರವು ಕೇಳಿ ಪತ್ರಿಕೆಯಲ್ಲಿ ಬರೆದಿದ್ದರು. ಡಾರ್ಕಸ್ ‘ನಾನೂ ಇದ್ದೇನೆ’ ಎಂದು ಬರೆದು ಹಾಕಿದಳು. ಆ ಚಳಿಗಾಲದಲ್ಲಿ ಅವಳ ಪಾಲಿಗೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಸಾವಿರಕ್ಕೂ ಮಿಕ್ಕಿ ಚೀಟಿಗಳು. ಪ್ರತಿ ಚೀಟಿಯಲ್ಲೂ ಒಂದು ವಾಕ್ಯ, ಪ್ರತಿ ವಾಕ್ಯದಲ್ಲೂ ‘ಮೇಕ್’ ಎಂಬ ಒಂದೇ ಪದ. ಅರ್ಥಕ್ಕೆ ತಕ್ಕಂತೆ ಅವನ್ನು ವಿಂಗಡಿಸಿ ಕಳಿಸಬೇಕು.

ಮಾಡು ಎಂದರಾಯಿತು, ಇದರಲ್ಲಿ ವಿಂಗಡಿಸುವುದೇನು ಎಂದುಕೊಂಡು ಕೂತವಳು ವಾರದೊಳಗೆ ದಿಕ್ಕುಗೆಟ್ಟಳು. ರೊಟ್ಟಿ ಮಾಡುವುದೂ ಮೇಕ್, ಆಗಲೇ ಇರುವ ಹಾಸಿಗೆಯನ್ನು ಒಪ್ಪ ಮಾಡುವುದೂ ಮೇಕ್. ಅವಸರಪಡುವುದಕ್ಕೂ ಅದೇ, ರಾಜಿಯಾಗುವುದಕ್ಕೂ ಅದೇ, ಇದ್ದುದರಲ್ಲೇ ಸುಧಾರಿಸಿಕೊಳ್ಳುವುದಕ್ಕೂ ಅದೇ. ಬಾಗಿಲ ಕಡೆ ಓಡಿದವನಿಗೂ ಅದೇ. ಅವನು ಮಾಡಿದ್ದಾದರೂ ಏನು? ಚೀಟಿಗಳು ಮೇಜು ತುಂಬಿ, ಕಿಟಕಿಯ ಹಲಗೆ ತುಂಬಿ, ಮೆಟ್ಟಿಲು ಹತ್ತಿದವು.

“ಅಕ್ಕ, ನಾನು ಊಟಕ್ಕೆ ಎಲ್ಲಿ ಕೂತ್ಕೊಳ್ಲಿ?” ಎಂದ ಕಿಟ್.

“ನಿಂತ್ಕೊಂಡೇ ತಿನ್ನು. ‘ಅವಸರ’ದ ಮೇಲೆ ಮಾತ್ರ ಕೂರ್ಬೇಡ.”

ಮಾರ್ಚಿನಲ್ಲಿ ಆಂಬ್ರೋಸ್ ರಾ ಎಂಬವ ಬಂದ. ಗುಡ್ಡದ ಮೇಲೆ ಕುರಿ ಸಾಕುವವ, ಹೆಂಡತಿ ಸತ್ತು ಒಂಬತ್ತು ವರ್ಷವಾಗಿದ್ದವ. ಚಕ್ರ ರಿಪೇರಿಗೆ ಬಂದರೆ ಕಿಟ್ ಮನೆಯಲ್ಲಿರಲಿಲ್ಲ. ಡಾರ್ಕಸ್ ಟೀ ಕೊಟ್ಟು, ನಿಮ್ಮ ಮೇಲಿನ ಹಟ್ಟಿಗಳ ಕಡೆ ಈ ಪದಕ್ಕೆ ಬೇರೆ ಬಳಕೆ ಏನಾದರೂ ಉಂಟೋ ಎಂದು ಕೇಳಿದಳು. ಅವನು ಟೋಪಿಯನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದ.

“ಮನೇಲಿ ಒಂದು ಮೇಕ್ ಇಲ್ದೆ ಬಾಳ ಕಷ್ಟ ಆಗೈತೆ ಟೀಚರಮ್ಮ. ನೀವಾದ್ರೆ ನಂಗೆ ಸರಿಯಾದ ಮೇಕ್ ಅಂತ ಅನ್ನಿಸ್ತೈತೆ.”

ರೊಟ್ಟಿ, ಬೆಣ್ಣೆ ಮಾಡಿಡುವ ಕೆಲಸದಾಕೆಗೆ ಇವರ ಕಡೆ ಹೀಗನ್ನುತ್ತಾರೇನೋ ಎಂದುಕೊಂಡಳು ಡಾರ್ಕಸ್. ತನ್ನನ್ನು ಉದಾಹರಣೆಗೆ ಹೇಳಿದನೆಂದು ಭಾವಿಸಿ ಖುಷಿಯಿಂದ ಚೀಟಿ ಎತ್ತಿಕೊಂಡಳು. “ಇನ್ನೊಂದ್ಸಲ ಹೇಳಿ, ನಿಧಾನಕ್ಕೆ.”

ಅವನು ಕೆಂಪಾಗಿ ಇನ್ನೊಂದು ಸಲ ಹೇಳಿದ.

“ನಿಮ್ಮ ವಯಸ್ಸು?”

“ಅರವತ್ತೊಂದು. ಅದನ್ನೂ ಬರೀತೀರಾ?”

“ಬರೀದಿದ್ರೆ ಅವ್ರು ಒಪ್ಪಲ್ಲ.”

‘ಅವರು’ ಯಾರೆಂದು ಅವನು ಕೇಳಲಿಲ್ಲ. ಚಕ್ರವನ್ನು ಅಲ್ಲೇ ಮರೆತು ಹೋದ.

ಆ ಚೀಟಿ ಕಳಿಸಿದ ಮೂರು ವಾರಕ್ಕೆ ಪಂಡಿತರ ಕಾಗದ ಬಂತು. ಈ ಪದದ ಬೇರು ಬಹಳ ಹಿಂದಿನದು, ಹಿಟ್ಟು ನಾದುವುದು ಎಂಬುದೇ ಅದರ ಮೊದಲ ಅರ್ಥ ಇರಬಹುದು, ನಾದಿ ರೂಪ ಕೊಡುವುದರಿಂದ ಒಂದಕ್ಕೊಂದು ಹೊಂದಿಸುವುದು ಎಂಬ ಅರ್ಥ ಬಂದಿರಬೇಕು ಎಂದಿತ್ತು. ‘ಹೊಂದಿದ್ದಕ್ಕೆ, ಅಂದರೆ ಜೋಡಿಗೆ, ಗಂಡ ಅಥವಾ ಹೆಂಡತಿಗೆ ಹಿಂದೆ ಹೀಗೆನ್ನುತ್ತಿದ್ದರು. ನಮ್ಮ ಕಡೆ ಅದು ಅಳಿದು ಎಷ್ಟೋ ಕಾಲವಾಯಿತು. ನಿಮ್ಮ ಚೀಟಿ ನೋಡಿ ಕುಣಿದಾಡಿದೆವು. ಸಂದರ್ಭ ಸ್ಪಷ್ಟವಾಗಲೆಂದು ಕೇಳುತ್ತೇನೆ: ಆತ ಇದನ್ನು ಯಾರಿಗೆ ಹೇಳಿದ? ಆಕೆ ಏನೆಂದಳು?’

ಡಾರ್ಕಸ್ ಅದನ್ನು ಕಿಟ್‌ನ ಕೈಗಿಟ್ಟು, ಅಂದು ನಡೆದದ್ದನ್ನೆಲ್ಲ ಹೇಳಿದಳು. ಕಾಗದ ಓದಿ ಕಿಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ವಯಸ್ಸು ಬೇರೆ ಕೇಳಿದ್ಯಲ್ಲಕ್ಕ!”

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಗುಡ್ಡ ಹತ್ತಿದಳು. ಆಂಬ್ರೋಸ್ ಕಲ್ಲುಗೋಡೆಯ ಮರೆಯಲ್ಲಿ ಈಯುತ್ತಿದ್ದ ಕುರಿಯ ಪಕ್ಕ ಮಂಡಿಯೂರಿದ್ದ.

“ನಂಗೆ ಅರ್ಥವೇ ಆಗಿರ್ಲಿಲ್ಲ,” ಎಂದಳು ಏದುಸಿರು ಬಿಡುತ್ತಾ.

“ಬರ್ಕೊಂಡಾಗ ಒಪ್ಕೊಂಡ್ರಿ ಅಂದ್ಕೊಂಡೆ. ಆಮೇಲೆ ಸುದ್ದೀನೇ ಇಲ್ಲ. ‘ಅವ್ರು’ ಒಪ್ಲಿಲ್ವೇನೋ ಅಂದ್ಕೊಂಡೆ.”

“ಅವರೇನೋ ಒಪ್ಪಿದ್ರು.”

“ನೀವು?”

“ಗೊತ್ತಾಗ್ತಿಲ್ಲ ಆಂಬ್ರೋಸ್‌ರೇ. ನಿಜವಾಗ್ಲೂ ಗೊತ್ತಾಗ್ತಿಲ್ಲ.”

“ಸರಿ, ಗೊತ್ತಾಗೋಗಂಟ ಇದನ್ನ ಹಿಡ್ಕೊಳ್ಳಿ,” ಎಂದು ಆಗತಾನೇ ಹುಟ್ಟಿದ ಒದ್ದೆ ಮರಿಯನ್ನು ಅವಳ ತೋಳಿಗಿಟ್ಟು, ಇನ್ನೊಂದು ಮರಿಯನ್ನು ಎಳೆಯಲು ತಿರುಗಿದ.

ಇಳಿದು ಬರುವಾಗ ತನಗೆ ಸಂತೋಷವೋ ಸಿಟ್ಟೋ ಎಂಬುದೂ ಅವಳಿಗೆ ತಿಳಿಯಲಿಲ್ಲ. ಪಂಡಿತರಿಗೆ, ‘ಹೇಳಿದಾತ ಸುಳ್ಳಾಡುವವನಲ್ಲ, ಆಕೆ ಇನ್ನೂ ಉತ್ತರ ಕೊಟ್ಟಿಲ್ಲ’ ಎಂದಷ್ಟೇ ಬರೆದಳು. ಆ ಉತ್ತರಕ್ಕೆ ಎರಡು ವರ್ಷ ಹಿಡಿಯಿತು. ಪ್ರತಿ ಭಾನುವಾರ ಆಂಬ್ರೋಸ್ ಟೀಗೆ ಬರುತ್ತಿದ್ದ, ಆ ಮಾತು ಮಾತ್ರ ಎತ್ತುತ್ತಿರಲಿಲ್ಲ. ಒಂದು ಅಕ್ಟೋಬರಿನಲ್ಲಿ, ಬಟ್ಟಲು ತೊಳೆಯುತ್ತಿದ್ದವಳು ತಿರುಗಿಯೂ ನೋಡದೆ “ಆಯ್ತು” ಎಂದಳು. ಯಾವುದಕ್ಕೆ ಆಯ್ತು ಎಂದು ಅವನು ಎರಡು ಸಲ ಕೇಳಬೇಕಾಯಿತು.

ಮದುವೆಯಾದ ಮೇಲೂ ಶಾಲೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ವಾರದಲ್ಲಿ ನಾಲ್ಕು ದಿನ ಕಿಟ್‌ನ ಮನೆ, ಮೂರು ದಿನ ಗುಡ್ಡದ ಮೇಲೆ; ಹಿಮ ಬಿದ್ದರೆ ಆ ಲೆಕ್ಕವೂ ತಪ್ಪುತ್ತಿತ್ತು. ಅವಳ ಕಾಗದ ಹಿಡಿದ ಅಂಚೆಯವನು ಕವಲುದಾರಿಯಲ್ಲಿ ನಿಂತು, ಯಾವ ಮನೆಯ ಚಿಮಣಿಯಲ್ಲಿ ಹೊಗೆ ಹೆಚ್ಚಿದೆಯೆಂದು ನೋಡಿ ಹೆಜ್ಜೆ ಹಾಕುತ್ತಿದ್ದ.