ನೇಡೀನ್ ಹ್ರಾಬಾಕ್ ಆರು ದಿನ ನೋಡಿದ ಹುಡುಗ

ಬಲಗೈ ಬ್ಯಾಟುಗಾರನನ್ನು ನೋಡುವುದಿದ್ದರೆ ನೇಡೀನ್ ಹ್ರಾಬಾಕ್ ಬೇಸ್‌ಬಾಲ್ ಮೈದಾನದ ಒಂದನೇ ಬೇಸಿನ ಪಕ್ಕದ ಎಂಟನೇ ಸಾಲಿನಲ್ಲಿ ಕೂರುತ್ತಾಳೆ. ಉಳಿದ ಸ್ಕೌಟುಗಳೆಲ್ಲ ಕ್ಯಾಚರನ ಬೆನ್ನ ಹಿಂದೆ, ನೆರಳಿರುವ ಕಡೆ, ಚೆಂಡಿನ ವೇಗ ಅಳೆಯುವ ಯಂತ್ರ ಹಿಡಿದು ಸಾಲಾಗಿ ಕೂತಿರುತ್ತಾರೆ. ಅಲ್ಲಿಂದ ಚೆಂಡು ಚೆನ್ನಾಗಿ ಕಾಣುತ್ತದೆ, ಆದರೆ ಹೊಡೆಯುವವನ ಮುಖ ಕಾಣುವುದಿಲ್ಲ ಎಂಬುದು ಅವಳ ತಕರಾರು. ಎಂಟನೇ ಸಾಲಿಗೆ ಸಂಜೆ ಏಳರವರೆಗೂ ಬಿಸಿಲು ಬೀಳುತ್ತದೆ. ಅದಕ್ಕೇ ಅವಳ ಎಡಗೆನ್ನೆ ಬಲಗೆನ್ನೆಗಿಂತ ಕೆಂಪು.

ನಾವಿಬ್ಬರೂ ಹತ್ತೊಂಬತ್ತು ವರ್ಷ ಒಂದೇ ಕಂಪನಿಯ ಬೀಜ ಪರೀಕ್ಷೆಯ ಲ್ಯಾಬಿನಲ್ಲಿದ್ದೆವು. ಒದ್ದೆ ಕಾಗದದ ಮೇಲೆ ನೂರು ಜೋಳದ ಕಾಳು ಇಟ್ಟು, ಏಳನೇ ದಿನ ಎಷ್ಟು ಮೊಳೆತವೆಂದು ಎಣಿಸುವುದು ಅವಳ ಕೆಲಸ. ನಾಲ್ಕನೇ ದಿನಕ್ಕೇ ಅಂದಾಜು ಹೇಳಿ ಎಂದು ಮಾರಾಟದವರು ಪೀಡಿಸುತ್ತಿದ್ದರು. ಅವಳು ಒಮ್ಮೆಯೂ ಹೇಳಿದವಳಲ್ಲ. ಲ್ಯಾಬು ಮುಚ್ಚಿದಾಗ ನಾನು ನಿವೃತ್ತನಾದೆ. ಅವಳು ದೊಡ್ಡ ಲೀಗಿನ ಒಂದು ಕ್ಲಬ್ಬಿಗೆ ಸ್ಕೌಟಾಗಿ ಸೇರಿದಳು. ಕೆಳಗಿನ ಲೀಗುಗಳಲ್ಲಿ ಆಡುವ ಹುಡುಗರನ್ನು ನೋಡಿ ಅಂಕ ಹಾಕುವುದು, ಯಾರನ್ನು ಕೊಳ್ಳಬಹುದು ಎಂದು ಬರೆದು ಕಳಿಸುವುದು ಕೆಲಸ. ಅವಳ ಅಪ್ಪ ಊರೂರಿನ ಪಂದ್ಯಗಳಿಗೆ ಅಂಪೈರಾಗಿದ್ದವರು, ಆಟ ಅವಳಿಗೆ ಹೊಸದೇನಲ್ಲ. ಇದು ಹನ್ನೊಂದನೇ ವರ್ಷ. ಅವಳ ಹಳೆಯ ಬ್ಯೂಕ್ ಕಾರು ಎರಡೂವರೆ ಲಕ್ಷ ಮೈಲಿ ಓಡಿದೆ. ಗಂಡ ಲೈಲ್ ಹಾಲಿನ ಲಾರಿ ಓಡಿಸುತ್ತಾನೆ. ಬೆಳಿಗ್ಗೆ ಅವಳ ಡಬ್ಬಿಗೆ ಮೊಟ್ಟೆಯ ಸ್ಯಾಂಡ್‌ವಿಚ್ಚು, ಸೌತೆಯ ಉಪ್ಪಿನಕಾಯಿ ಹಾಕಿಕೊಡುವವನೂ ಅವನೇ.

ಕಳೆದ ಜುಲೈಯಲ್ಲಿ ಅವಳಿಗೆ ಅಯೋವಾದ ನಮ್ಮ ಊರಿನ ತಂಡದ ಹುಡುಗನನ್ನೇ ನೋಡುವ ಕೆಲಸ ಬಂತು. ಎದಿಸನ್ ಪಿಚಾರ್ದೋ, ಇಪ್ಪತ್ತು ವರ್ಷ, ಡೊಮಿನಿಕನ್ ಹುಡುಗ. ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ. ಲೆಕ್ಕ ಬರೆಯಲು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

ಮಂಗಳವಾರದ ಅಭ್ಯಾಸದಲ್ಲಿ ಪಿಚಾರ್ದೋ ಆರು ಚೆಂಡುಗಳನ್ನು ಬೇಲಿಯಾಚೆಗೆ ಕಳಿಸಿದ. ಒಂದು ರೈಲು ಹಳಿ ದಾಟಿ, ಜೋಳದ ಉಗ್ರಾಣದ ತಗಡಿಗೆ ಬಡಿಯಿತು. ಶಬ್ದ ನಮಗೆ ಒಂದು ಕ್ಷಣ ತಡವಾಗಿ ಕೇಳಿಸಿತು. ಆದರೆ ಪಂದ್ಯ ಶುರುವಾದ ಮೇಲೆ ಅವನು ಬೇರೆಯೇ ಮನುಷ್ಯ. ಎದುರಾಳಿ ಪಿಚರುಗಳು ಸ್ಲೈಡರ್ ಎಸೆದರು. ಈ ಚೆಂಡು ನೇರ ಬರುವಂತೆ ಕಂಡು ಕೊನೆಯಲ್ಲಿ ಹೊರಕ್ಕೆ ಜಾರುತ್ತದೆ. ಮುಟ್ಟದೆ ಬಿಟ್ಟರೆ ಕೆಟ್ಟ ಎಸೆತವೆಂದು ಲೆಕ್ಕ, ಅಂಥ ನಾಲ್ಕಾದರೆ ಬ್ಯಾಟುಗಾರನಿಗೆ ಒಂದನೇ ಬೇಸು ಪುಕ್ಕಟೆ. ಬೀಸಿ ತಪ್ಪಿದರೂ, ಹೊಡೆಯುವ ಅಳತೆಯೊಳಗೆ ಬಂದದ್ದನ್ನು ಬಿಟ್ಟರೂ ಒಂದು ಸ್ಟ್ರೈಕ್, ಮೂರಾದರೆ ಔಟು. ಹುಡುಗ ಬಿಡಲಿಲ್ಲ, ಹೆಚ್ಚುಕಮ್ಮಿ ಎಲ್ಲಕ್ಕೂ ಬೀಸಿದ. ಗುರುವಾರ ಮುಗಿಯುವ ಹೊತ್ತಿಗೆ ಹದಿಮೂರು ಸರದಿಯಲ್ಲಿ ಒಂದು ಹೋಮ್ ರನ್, ಎಂಟು ಸಲ ಮೂರು ಸ್ಟ್ರೈಕಿಗೆ ಔಟು. ಹೊರಗೆ ಜಾರಿದ ಸ್ಲೈಡರುಗಳು ಇಪ್ಪತ್ತೊಂದು, ಅವನು ಬೀಸಿದ್ದು ಹದಿನೇಳಕ್ಕೆ.

ಇನ್ನೊಂದು ಕ್ಲಬ್ಬಿನ ಸ್ಕೌಟು ಕ್ಲೈಡ್ ಫೆನ್ನೆಲ್ ಕುರ್ಚಿ ಮಡಚಿಕೊಂಡು ನಮ್ಮ ಸಾಲಿಗೆ ಬಂದ.

"ಏನ್ ಬೀಜದಮ್ಮ, ಮೊಳಕೆ ಕಾಣ್ತಾ?"

"ಮೂರೇ ದಿನ ಆಗಿರೋದು ಕ್ಲೈಡ್. ನೀನು ಹೊರಟ್ಯಾ?"

"ಹೊರಟೆ. ಗಾಳಿ ಬೀಸೋನನ್ನ ನೋಡೋಕೆ ಇಷ್ಟು ದೂರ ಬರ್ಬೇಕಾ? ನಮ್ಮನೇಲಿ ಫ್ಯಾನಿದೆ."

"ಆ ಫ್ಯಾನು ಉಗ್ರಾಣಕ್ಕೆ ಚೆಂಡು ಹೊಡಿಯುತ್ತಾ?"

"ಅಭ್ಯಾಸದಲ್ಲಿ ನಮ್ಮಜ್ಜಿನೂ ಹೊಡೀತಿದ್ಲು" ಎಂದು ಅವನು ನಗುತ್ತ ಹೋದ.

ಶುಕ್ರವಾರ ಬೆಳಿಗ್ಗೆ ನಾನು ಅವಳ ಅಡುಗೆಮನೆಯಲ್ಲಿ ಕೂತಿದ್ದಾಗ ಅವಳ ಕ್ಲಬ್ಬಿನ ಕಚೇರಿಯಿಂದ ಟ್ರೆವರ್ ಫೋನ್ ಮಾಡಿದ, ಮಾತು ನನಗೂ ಕೇಳುತ್ತಿತ್ತು. ಅವಳ ಮಗನ ವಯಸ್ಸಿನ ಮೇಲಧಿಕಾರಿ, ಒಳ್ಳೆಯವನು.

"ನೇಡೀನ್, ಪಿಚಾರ್ದೋ ಬಗ್ಗೆ ಇವತ್ತೇ ಹೇಳ್ಬಿಡಿ. ಅವನ ಕ್ಲಬ್ಬಿನೋರೇ ಮಾರೋಕೆ ಬಂದಿದಾರೆ. ತಗೊಳ್ಳೋದಾ, ಬೇಡ್ವಾ?"

"ಭಾನುವಾರ ಹೇಳ್ತೀನಿ ಕಣಪ್ಪಾ."

"ಬೇಡ ಅಂತ ಕ್ಯಾಮೆರಾ ಲೆಕ್ಕ ಆಗಲೇ ಹೇಳ್ತಿದೆ. ನೋಡಿ, ನಿಮ್ಮ ಹತ್ರ ಯಾಕೆ ಮುಚ್ಚಿಡ್ಲಿ? ಎಲ್ಲಾ ಮೈದಾನದಲ್ಲೂ ಕ್ಯಾಮೆರಾ ಇರೋವಾಗ ಅಯೋವಾಗೆ ಮನುಷ್ಯರು ಯಾಕೆ ಅಂತ ಮೇಲಿನೋರು ಕೇಳ್ತಿದಾರೆ. ಈ ವರದೀಲಿ ಕ್ಯಾಮೆರಾಗೆ ಕಾಣದ್ದು ಏನಾದ್ರೂ ಇರ್ಬೇಕು. ಇಲ್ದಿದ್ರೆ ಮುಂದಿನ ವರ್ಷ ನಿಮ್ಮ ಕೆಲಸ ಉಳಿಸೋದು ನನ್ನ ಕೈಲಿ ಆಗಲ್ಲ."

ಫೋನ್ ಇಟ್ಟು ಅವಳು ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡಳು. "ಇದ್ದದ್ದನ್ನ ಬರೀಬಹುದು, ಇಲ್ಲದ್ದನ್ನ ಹೆಂಗೆ ಬರೀಲಿ?" ಎಂದಳು.

ಸ್ಕೌಟುಗಳು ಮೈದಾನಕ್ಕೆ ಬರುವುದು ಸಂಜೆ ನಾಲ್ಕೂವರೆಗೆ, ಬ್ಯಾಟಿಂಗ್ ಅಭ್ಯಾಸದ ಹೊತ್ತಿಗೆ. ನೇಡೀನ್ ಆ ದಿನ ಮಧ್ಯಾಹ್ನ ಒಂದೂವರೆಗೇ ಹೋಗೋಣ ಎಂದಳು. ಹುಲ್ಲಿಗೆ ನೀರು ಬಿಡುತ್ತಿದ್ದವನು ಪರಿಚಯದವನು, ಗೇಟು ತೆಗೆದ. ಎಡಬೇಲಿಯ ಹಿಂದೆ ಪಿಚರುಗಳು ಕೈ ಪಳಗಿಸುವ, ಕ್ಯಾಮೆರಾ ಇಲ್ಲದ ನೆಲದ ಪಟ್ಟಿಯೊಂದಿದೆ. ಅಲ್ಲಿ ಪಿಚಾರ್ದೋ ಹೆಲ್ಮೆಟ್ ಹಾಕಿಕೊಂಡು, ಬ್ಯಾಟು ಹೆಗಲಿಗೇರಿಸಿ ನಿಂತಿದ್ದ. ಅವನ ತಂಡದ ಪಿಚರೇ ಸ್ಲೈಡರ್ ಎಸೆಯುತ್ತಿದ್ದ. ಹುಡುಗ ಬೀಸುತ್ತಿರಲಿಲ್ಲ. ಚೆಂಡು ಹಾದುಹೋಗುವ ಮೊದಲೇ "ಒಳಗೆ" ಅಥವಾ "ಹೊರಗೆ" ಎಂದು ಕೂಗುತ್ತಿದ್ದ. ಸರಿಯೋ ತಪ್ಪೋ ಎಂದು ಕ್ಯಾಚರ್ ಹೇಳುತ್ತಿದ್ದ. ನಾವು ಬೇಲಿಯ ಈಚೆ ನಿಂತೆವು. ಬೇರೆ ಕ್ಲಬ್ಬಿನ ಆಟಗಾರನನ್ನು ಸ್ಕೌಟು ಮಾತಾಡಿಸುವಂತಿಲ್ಲ, ನೋಡಲು ಅಡ್ಡಿಯಿಲ್ಲ.

"ಹೊರಗೆ!"

"ತಪ್ಪು. ಮಧ್ಯಕ್ಕೇ ಬಿತ್ತು, ಕಣ್ಣಿಗೆ ಏನ್ ಮೆತ್ಕೊಂಡಿದೀಯೋ?"

"ಇನ್ನೊಂದು ಎಸಿ. ಹೊರಗೆ!"

"ಇದು ಸರಿ. ಮಾರಾಯ, ಒಂದಾದ್ರೂ ಹೊಡಿಯೋ. ಹಿಡಿದೂ ಹಿಡಿದೂ ನನ್ನ ಕೈ ಜೋಮು ಹಿಡೀತು."

"ಹೊಡೆಯೋಕೆ ಬರುತ್ತೆ. ಬಿಡೋಕೇ ಬರಲ್ಲ ನಂಗೆ. ಅದನ್ನ ಕಲೀತಿದೀನಿ."

"ಎಷ್ಟು ದಿನ ಕಲೀತೀಯಾ?"

"ಬರೋವರೆಗೂ."

ನಲವತ್ತು ಎಸೆತಗಳಲ್ಲಿ ಇಪ್ಪತ್ತೇಳು ಸರಿ ಎಂದು ನಾನು ಬರೆದುಕೊಂಡೆ. ಮರುದಿನವೂ ಒಂದೂವರೆಗೇ ಹೋದೆವು. ಅವನು ನಮಗಿಂತ ಮೊದಲೇ ಬಂದಿದ್ದ. ನಲವತ್ತರಲ್ಲಿ ಮೂವತ್ತೊಂದು.

ಪಂದ್ಯಗಳಲ್ಲಿ ಮಾತ್ರ ಅಂಥ ಬದಲಾವಣೆಯೇನೂ ಕಾಣಲಿಲ್ಲ. ಶುಕ್ರವಾರ ಎರಡು ಸಲ, ಶನಿವಾರ ಎರಡು ಸಲ ಔಟಾದ. ಭಾನುವಾರ ಮಧ್ಯಾಹ್ನ ಕೊನೆಯ ಸರದಿಯಲ್ಲಿ, ಅಂಗೈಯಗಲ ಹೊರಗಿದ್ದ ಚೆಂಡನ್ನು ಅವನು ಬಿಟ್ಟ. ಅಂಪೈರ್ ಮೂರನೇ ಸ್ಟ್ರೈಕ್ ಎಂದು ಕೈಯೆತ್ತಿದ. ಜನ ಅಂಪೈರನಿಗೆ ಕನ್ನಡಕ ಕೊಡಿಸುವ ಮಾತಾಡಿದರು. ನಾನು ಆ ಚೆಂಡನ್ನೇ ನೋಡುತ್ತಿದ್ದೆ. ನೇಡೀನ್ ಹುಡುಗನ ಮುಖ ನೋಡುತ್ತಿದ್ದಳು.

"ಅವನಿಗೆ ಗೊತ್ತಿತ್ತು, ಅದು ಹೊರಗೆ ಅಂತ. ಸಿಟ್ಟೂ ಮಾಡ್ಲಿಲ್ಲ ನೋಡು" ಎಂದಳು.

ನಾನು ಮೂರು ದಿನದ ಲೆಕ್ಕ ಕೂಡಿದೆ. "ಹೊರಗಿನ ಸ್ಲೈಡರು ಹತ್ತೊಂಬತ್ತು, ಬೀಸಿದ್ದು ಹತ್ತಕ್ಕೆ. ಮೊದಲು ಹದಿನೇಳು ಇತ್ತಲ್ಲ, ಕಮ್ಮಿಯಾಗಿದೆ."

"ಹತ್ತೊಂಬತ್ತರಿಂದ ಏನು ಸಾಬೀತಾಗುತ್ತೆ? ನೀನೂ ಲ್ಯಾಬಲ್ಲಿ ಇದ್ದೋನೇ."

"ಏನೂ ಆಗಲ್ಲ."

"ಹಂಗಂತಲೇ ಬರೀತೀನಿ."

ಹಾಗೆಯೇ ಬರೆದಳು. ಅಂಕಗಳು ಇಪ್ಪತ್ತರಿಂದ ಎಂಬತ್ತರವರೆಗೆ. ಐವತ್ತೆಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರ. ಹೊಡೆತದ ಬಲಕ್ಕೆ ಎಪ್ಪತ್ತು ಹಾಕಿದಳು. ಚೆಂಡನ್ನು ಬ್ಯಾಟಿಗೆ ತಾಗಿಸುವ ಕಲೆಗೆ ಇವತ್ತು ಮೂವತ್ತು, ಮುಂದೆ ನಲವತ್ತೈದು. ಕೆಳಗೆ, ಮಧ್ಯಾಹ್ನ ಒಂದೂವರೆಗೆ ಎರಡು ದಿನ ಕಂಡದ್ದು, ಬೇಲಿಯಾಚೆ ಕೇಳಿದ ಆ ನಾಲ್ಕು ಮಾತು. ಕೊನೆಯಲ್ಲಿ: "ಆರು ಪಂದ್ಯದ ಅಂಕಿಗಳು ಏನನ್ನೂ ಸಾಬೀತು ಮಾಡುವುದಿಲ್ಲ. ತನ್ನ ದೋಷ ಯಾವುದೆಂದು ಈ ಹುಡುಗನಿಗೆ ಸರಿಯಾಗಿ ಗೊತ್ತಿದೆ. ಯಾರೂ ನೋಡದ ಹೊತ್ತಿನಲ್ಲಿ ಅದನ್ನೇ ತಿದ್ದುತ್ತಿದ್ದಾನೆ. ತೆಗೆದುಕೊಳ್ಳಿ." ಕಳಿಸುವ ಗುಂಡಿ ಒತ್ತುವ ಮುಂಚೆ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಒತ್ತಿದಳು.

ಮಂಗಳವಾರ ಟ್ರೆವರ್ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು.

"ನಿಮ್ಮ ಮಾತು ನಂಬಿ ಕೇಳಿದ್ವಿ. ಕೊಡಲ್ಲ ಅಂದ್ರು. ಹೋದವಾರ ಅವರೇ ಮಾರೋಕೆ ಬಂದಿದ್ರು, ಈಗ ಯಾರು ಕೇಳಿದ್ರೂ ಕೊಡಲ್ವಂತೆ. ಅವನು ಮಧ್ಯಾಹ್ನ ಮಾಡ್ತಿರೋದು ಅವರ ಕೋಚಿಗೂ ಗೊತ್ತಾಗಿದೆ."

"ಹಂಗಾದ್ರೆ ನನ್ನ ವರದಿ ದಂಡ ಆಯ್ತು."

"ದಂಡ ಎಲ್ಲಿ? ಅವರಷ್ಟೇ ಬೇಗ ನಿಮಗೂ ಗೊತ್ತಾಯ್ತಲ್ಲ, ಕ್ಯಾಮೆರಾಗೆ ಗೊತ್ತಾಗ್ಲಿಲ್ಲ. ಮೇಲಿನೋರು ಎರಡು ಸಲ ಓದಿದ್ರು. ಮುಂದಿನ ವರ್ಷ ಅಯೋವಾ ನಿಮ್ದೇ. ಜೊತೆಗೆ ವಿಸ್ಕಾನ್ಸಿನ್ನೂ."

"ವಿಸ್ಕಾನ್ಸಿನ್ ಯಾಕಪ್ಪಾ? ನನ್ನ ಕಾರಿನ ವಯಸ್ಸು ಗೊತ್ತಾ ನಿಂಗೆ?" ಎಂದು ಗದರಿದಳು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ತನ್ನಷ್ಟಕ್ಕೆ ನಗುತ್ತಿದ್ದಳು.

ಆಗಸ್ಟಿನಲ್ಲಿ ಪಿಚಾರ್ದೋ ಮೇಲಿನ ಹಂತದ ತಂಡಕ್ಕೆ ಹೋದ. ಸೆಪ್ಟೆಂಬರಿನ ಮೊದಲ ಭಾನುವಾರ ಲೈಲ್, ನೇಡೀನ್, ನಾನು ಮೂರು ಗಂಟೆ ಕಾರಿನಲ್ಲಿ ಕೂತು ಅಲ್ಲಿಗೆ ಹೋದೆವು. ಕ್ಲಬ್ಬಿನ ಕೆಲಸವಲ್ಲ, ಟಿಕೆಟು ಕೊಂಡು ಹೋದದ್ದು. ಪಿಚಾರ್ದೋ ಆ ದಿನ ಒಂದೂ ಹೋಮ್ ರನ್ ಹೊಡೆಯಲಿಲ್ಲ. ಆರನೇ ಇನಿಂಗ್ಸಿನಲ್ಲಿ ಅವನಿಗೆ ಸಾಲಾಗಿ ಸ್ಲೈಡರ್ ಬಂದವು, ಎಲ್ಲ ಹೊರಕ್ಕೆ. ಒಂದು, ಎರಡು, ಮೂರು, ನಾಲ್ಕು, ನಾಲ್ಕನ್ನೂ ಬಿಟ್ಟ. ಬ್ಯಾಟು ಪಕ್ಕಕ್ಕಿಟ್ಟು ನಿಧಾನವಾಗಿ ಒಂದನೇ ಬೇಸಿಗೆ ನಡೆದುಹೋದ. ಜನ ಹಾಟ್‌ಡಾಗ್ ತರಲು ಏಳುತ್ತಿದ್ದರು. ನೇಡೀನ್ ಎದ್ದುನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು. ಮುಂದಿನ ಸಾಲಿನ ಮುದುಕ ತಿರುಗಿ, "ಏನಾಯ್ತಮ್ಮ? ಏನೂ ಹೊಡೀಲಿಲ್ಲವಲ್ಲ ಅವನು?" ಎಂದ.

"ಅದಕ್ಕೇ" ಎಂದಳು ಅವಳು, ಚಪ್ಪಾಳೆ ನಿಲ್ಲಿಸದೆ.