ಅರ್ಜಿಯಲ್ಲಿ ಆಷಾಢ

ನಮ್ಮ ಬೀದಿಯ ಕಾವ್ಯಾಳ ಅರ್ಜಿಯಲ್ಲಿ ವೀಸಾ ಏಜೆಂಟು ಸುಳ್ಳು ಬರೆದಿದ್ದ, ಅವಳನ್ನು ಒಂದು ಮಾತೂ ಕೇಳದೆ.

ಕೆನಡಾದಲ್ಲಿ ನರ್ಸ್ ಆಗಿರುವ ಗಂಡ ಅವಳನ್ನು ಕಾಯಂ ವಾಸಕ್ಕೆ ಸ್ಪಾನ್ಸರ್ ಮಾಡಿದ್ದಾನೆ. ಅರ್ಜಿಯಲ್ಲಿ ಸುಳ್ಳು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಆ ದೇಶದ ಬಾಗಿಲು ಮುಚ್ಚುತ್ತದೆ. ಹೋದ ವರ್ಷ ಮದುವೆಯಾದ ಬೆನ್ನಿಗೇ ಆಷಾಢ ಬಂದು, ಅವಳು ದಟ್ಟಗಳ್ಳಿಯ ತವರಿಗೆ ಹೋದಳು. ಗಂಡ ಶ್ರೀರಾಂಪುರದ ಮನೆಯಲ್ಲೇ ಇದ್ದು ರಜೆ ಮುಗಿಸಿ ಹೊರಟ. ಏಜೆಂಟು ಮಾತ್ರ, ಗಂಡ ಹೊರಡುವ ದಿನದವರೆಗೂ ಇಬ್ಬರೂ ಒಂದೇ ಮನೆಯಲ್ಲಿದ್ದರು ಎಂದು ಬರೆದಿದ್ದ.

ಸಹಿ ಹಾಕುವ ಮೊದಲು ಅದು ಕಣ್ಣಿಗೆ ಬಿದ್ದು ಅವಳು ಕರೆದಳೆಂದು ನಾನೂ ಏಜೆಂಟನ ಕಚೇರಿಗೆ ಹೋದೆ. ಮೇಜಿನ ಮೇಲೆ ಅವನದೇ ಹೊಸ ಮದುವೆಯ ಫೋಟೋ ಇತ್ತು, ಮುಂದೆ ಹೋಟೆಲಿನ ರೈಸ್‌ಬಾತ್.

“ಮನೆ ಊಟ ಇಲ್ವೇನ್ರೀ?” ಎಂದೆ.

“ಆಷಾಢ ಅಲ್ವಾ ಸಾರ್, ಹೆಂಡ್ತಿ ತವರಿಗೆ ಹೋಗವ್ಳೆ.”

“ಇವಳ ಅರ್ಜಿಲಿ ಯಾಕೆ ಇಂಗೆ ಬರ್ದಿದ್ದೀರಿ?”

“ಮದ್ವೆಯಾದ ತಕ್ಷಣ ಬೇರೆಬೇರೆ ಇದ್ರು ಅಂದ್ರೆ ಕೆನಡಾದೋರು ನಂಬಲ್ಲ, ಬುಡಿ ಸಾರ್. ನಾಟ್ಕದ ಮದ್ವೆ ಅಂತಾರೆ.”

ಕಾವ್ಯಾ ಫೋಟೋ ನೋಡಿದಳು. “ಅಂಗಾದ್ರೆ ನಿಮ್ದೂ ನಾಟ್ಕದ ಮದ್ವೆನಾ ಅಣ್ಣ?”

ಅವನು ಎದ್ದು ಕೈ ತೊಳೆದು ಬಂದ. ಆ ಸಾಲನ್ನು ಅಳಿಸಿ, ಆಷಾಢ ಎಂದರೇನು ಎಂದು ಇಂಗ್ಲಿಷಿನಲ್ಲಿ ಬರೆಯಲು ಕೂತ. ನಮಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತಲ್ಲ.

ನಮ್ಮ ಪದ್ಧತಿಯಂತೆ ಬದುಕಿದ್ದನ್ನು ಮುಚ್ಚಿಡಲು ಅದೇನು ಕಳ್ಳತನವಲ್ಲ. ಸಹಿ ಹಾಕುವ ಮೊದಲು ಅರ್ಜಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಹೇಳಲು ಪುರಸೊತ್ತಿಲ್ಲ ಎನ್ನುವ ಏಜೆಂಟನ ಮುಂದೆ ಪೆನ್ನು ಕೆಳಗಿಟ್ಟು ಎದ್ದು ಬನ್ನಿ.