ಸೈಮಿಯ ಬಾಗಿಲಿಗೆ ಒರಗಿಸಿದ ಪೊರಕೆ

ಕರೆಂಟು, ನೀರು, ರಸ್ತೆ ಯಾವುದೂ ಇಲ್ಲದೆ ಮೂರು ದಿನ ಬದುಕಲು ಬೇಕಾದಷ್ಟು ಸಾಮಾನು ಪ್ರತಿ ಮನೆಯಲ್ಲೂ ಇರಬೇಕು ಎಂದು ಸರ್ಕಾರದವರು ಆಗಾಗ ಪುಸ್ತಿಕೆ ಕಳಿಸುತ್ತಾರೆ. ಉತ್ತರದ ಹಿಮದ ನಾಡಿನ ನಮ್ಮ ಹಳ್ಳಿ ಹಾಪವಾರಾದಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಹನ್ನೊಂದು ಮನೆಗಳ ಮೂರು ದಿನದ ದಾಸ್ತಾನು ಎಂದರೆ ಸೈಮಿ ಕೆರಾನೆನ್ ಎಂಬ ಎಪ್ಪತ್ತಮೂರು ವರ್ಷದ ಹೆಂಗಸು.

ನಾನು ಆಸ್ಕೊ. ಚಳಿಗಾಲದಲ್ಲಿ ಟ್ರ್ಯಾಕ್ಟರಿಗೆ ನೇಗಿಲಿನಂಥ ಅಲಗು ಕಟ್ಟಿಕೊಂಡು ಊರ ರಸ್ತೆಯ ಹಿಮ ತಳ್ಳುವವನು. ಯಾರ ಮನೆಯ ಚಿಮಣಿಯಲ್ಲಿ ಹೊಗೆ ಬರುತ್ತಿದೆ, ಯಾರ ಅಂಗಳದಲ್ಲಿ ಹೆಜ್ಜೆ ಮೂಡಿದೆ ಎಂಬುದೆಲ್ಲ ನನಗೆ ತಿಳಿಯುತ್ತದೆ. ಆದ್ದರಿಂದ ಈ ಕತೆಯಲ್ಲಿ ನನಗೆ ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ಇಲ್ಲ.

ಸೈಮಿ ಮೂವತ್ತೆಂಟು ವರ್ಷ ಊರ ಶಾಲೆಯ ಅಡುಗೆಯವಳಾಗಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ದಿನಾ ಅರವತ್ತು ತಟ್ಟೆ ತೊಳೀತೀನಿ, ಮನೇಲಿ ಇನ್ನೊಂದು ಯಾಕೆ?" ಎನ್ನುತ್ತಿದ್ದಳು. ಅವಳಿಗೆ ಇಪ್ಪತ್ತನಾಲ್ಕಾಗಿದ್ದಾಗ ಒಂದು ಫೆಬ್ರವರಿಯಲ್ಲಿ ಹಿಮಗಾಳಿ ಎದ್ದು, ಸಂಜೆಯ ಬಸ್ಸು ಬರದೆ, ಇಪ್ಪತ್ತಾರು ಮಕ್ಕಳು ಎರಡು ದಿನ ಶಾಲೆಯಲ್ಲೇ ಉಳಿದುಬಿಟ್ಟರು. ಮೇಷ್ಟ್ರು ಜ್ವರ ಬಂದು ಮಲಗಿದ್ದರು. ಅವಳ ಹತ್ತಿರ ಇದ್ದದ್ದು ಅರ್ಧ ಚೀಲ ಬಾರ್ಲಿ, ಒಂದು ಡಬ್ಬ ಉಪ್ಪುಮೀನು ಮತ್ತು ಮೂರು ಮೇಣದಬತ್ತಿ. ಮಕ್ಕಳೆಲ್ಲ ಬದುಕಿದರು, ಕೆಲವರು ಗಂಜಿಯನ್ನು ಎರಡನೇ ಸಲ ಕೇಳಿದರಂತೆ. ಆದರೆ ಆ ಮೂರು ಮೇಣದಬತ್ತಿಯ ಲೆಕ್ಕ ಅವಳ ತಲೆಯಿಂದ ಇಳಿಯಲೇ ಇಲ್ಲ. ಅಲ್ಲಿಂದಾಚೆ ಅವಳು ಏನನ್ನು ಕೂಡಿಡುವುದಾದರೂ ಒಬ್ಬಳಿಗೆ ಸಾಕಾಗುವಷ್ಟು ಇಡಲಿಲ್ಲ. ಇಪ್ಪತ್ತಾರು ಜನಕ್ಕೆ ಇಟ್ಟಳು.

ಅಂಗಳದಲ್ಲಿ ಕೈಪಂಪು. ಬಚ್ಚಲ ಮೂಲೆಯಲ್ಲಿ ಇಪ್ಪತ್ತು ಲೀಟರಿನ ಆರು ಕ್ಯಾನು ನೀರು, ತಿಂಗಳಿಗೊಮ್ಮೆ ಚೆಲ್ಲಿ ಹೊಸದು ತುಂಬುವಳು. ಎರಡು ಚಳಿಗಾಲಕ್ಕೆ ಸಾಲುವಷ್ಟು ಬರ್ಚ್ ಕಟ್ಟಿಗೆ, ಮಣ್ಣಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ, ಕಾಡುಹಣ್ಣಿನ ರಸ, ಉಪ್ಪುಮೀನು. ಟಾರ್ಚುಗಳಿಗೆ ಬಿಳಿ ಟೇಪು ಸುತ್ತಿ ಮೊಳೆಗೆ ನೇತು ಹಾಕಿದ್ದಳು, ಕತ್ತಲಲ್ಲಿ ಕೈಗೆ ಸಿಗಲಿ ಎಂದು. ರೇಡಿಯೊದ ಬ್ಯಾಟರಿ ಒಂದು ಉಣ್ಣೆಯ ಕಾಲುಚೀಲದಲ್ಲಿ. ಅಡುಗೆಮನೆಯ ನಡುವೆ ಅವಳ ಅಪ್ಪ ಕಟ್ಟಿದ ದೊಡ್ಡ ಇಟ್ಟಿಗೆ ಒಲೆ, ಒಮ್ಮೆ ಕಾದರೆ ಮಾರನೆಯ ದಿನದವರೆಗೂ ಬೆಚ್ಚಗಿರುವಂಥದು. ಅಂಥ ಒಲೆಗಳು ಎಲ್ಲರ ಮನೆಯಲ್ಲೂ ಇದ್ದವು. ಕರೆಂಟಿನ ಹೀಟರು ಬಂದ ಮೇಲೆ ಅವನ್ನು ಒಡೆದು ಆ ಜಾಗದಲ್ಲಿ ಸೋಫಾ ಇಟ್ಟೆವು. ನಾನೂ ಒಡೆದವನೇ.

ಕರೆಂಟು ಹೋದ ಅರ್ಧ ಗಂಟೆಗೆ ಅವಳ ಅಂಗಳದಲ್ಲಿ ಕಾರುಗಳು ನಿಲ್ಲುತ್ತಿದ್ದವು. ನೀರಿಗೆ ಬಂದವರು ಕಾಫಿಗೆ ಕೂರುತ್ತಿದ್ದರು, ಕಾಫಿಗೆ ಬಂದವರು ಊಟಕ್ಕೆ. ಶಾಲೆ ಮುಚ್ಚಿದಾಗ ಹರಾಜಿನಲ್ಲಿ ಕೊಂಡ ಹತ್ತು ಲೀಟರಿನ ಕಾಫಿ ಪಾತ್ರೆ ಆ ದಿನಗಳಲ್ಲಿ ಒಲೆಯಿಂದ ಇಳಿಯುತ್ತಿರಲಿಲ್ಲ. ನಮಗೆ ಅದೊಂದು ಹಬ್ಬ. ನಾವು ನಾಚಿಕೆಯಿಲ್ಲದೆ ಹಾಗೆಂದು ಹೇಳಿಕೊಳ್ಳುತ್ತಲೂ ಇದ್ದೆವು.

ಆ ವರ್ಷ ಜನವರಿಯಲ್ಲಿ ಗಾಳಿಯೇ ಬೀಸಲಿಲ್ಲ. ಮೂರು ವಾರ ಹಿಮ ಬಿದ್ದು ಮರಗಳ ಮೇಲೆ ಹಾಗೇ ಗಟ್ಟಿಯಾಗಿ ಕೂತಿತು. ಒಂದು ಸೋಮವಾರ ಭಾರ ತಾಳದೆ ಮರಗಳು ತಂತಿಗಳ ಮೇಲೆ ಬೀಳತೊಡಗಿದವು. ಬುಧವಾರದ ಹೊತ್ತಿಗೆ ಸೈಮಿಯ ಅಡುಗೆಮನೆಯಲ್ಲಿ ಹದಿನಾಲ್ಕು ಜನರಿದ್ದೆವು. ನಾನು ಕೈಗವಸು ಒಣಗಲು ಹಾಕಿ ಬೆಂಚಿನ ಮೇಲೆ ಕಾಲು ಚಾಚಿದ್ದೆ. ಸೈಮಿ ಹಿಂಬಾಗಿಲಿನಿಂದ ಕಟ್ಟಿಗೆ ಹೊತ್ತುಕೊಂಡು ಬಂದಳು.

"ಆಸ್ಕೊ, ನಿನ್ ಕೈಗೇನಾಗಿದೆ?" ಎಂದಳು. "ಇನ್ನೊಂದು ಹೊರೆ ತಂದ್ ಹಾಕ್ಬಾರ್ದಾ?"

"ಬೆನ್ನು ಹಿಡ್ಕೊಂಡಿದೆ ಸೈಮಿ. ಬೆಳಗ್ಗಿಂದ ಟ್ರ್ಯಾಕ್ಟರಲ್ಲೇ ಕೂತಿದೀನಿ."

"ನಿನ್ ಬೆನ್ನಿಗೆ ಐವತ್ತೆಂಟು. ನನ್ ಬೆನ್ನಿಗೆ ಎಷ್ಟು ಅಂತ ಗೊತ್ತಾ?"

"ನಿನ್ನದು ಹಳೇ ಕಾಲದ ಮಾಲು, ನಮ್ಮ ಥರಾ ಡೂಪ್ಲಿಕೇಟ್ ಅಲ್ಲ," ಎಂದ ಪಕ್ಕದ ಮನೆಯ ಟಾರ್ಮೊ. "ಸೈಮಿ ಇರೋವರ್ಗೂ ಈ ಊರಿಗೆ ಕರೆಂಟೇ ಬೇಡ ಬಿಡಿ!"

ಎಲ್ಲರೂ ನಕ್ಕೆವು. ಸೈಮಿ ನಗಲಿಲ್ಲ. ಕಟ್ಟಿಗೆಯನ್ನು ಪೆಟ್ಟಿಗೆಗೆ ಸುರಿದು, ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಗೋಡೆ ನೋಡುತ್ತ ನಿಂತಳು. ಟಾರ್ಮೊನ ಹೆಂಡತಿ ಮಾಲೈ ಥಾಯ್ಲೆಂಡಿನವಳು, ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ, ನಮ್ಮ ಭಾಷೆ ಅರೆಬರೆ. ಅವಳೊಬ್ಬಳು ಎದ್ದು ಲೋಟಗಳನ್ನು ತೊಳೆಯಲು ಹೋದಳು. "ಅತಿಥಿ ನೀನು, ಕೂತ್ಕೊ," ಎಂದು ಟಾರ್ಮೊ ಅವಳನ್ನು ಮತ್ತೆ ಕೂರಿಸಿದ. ಸೈಮಿಯೂ ಕೂತ್ಕೊ ಎಂದಳು. ನಮ್ಮ ಕಡೆ ಹಾಗೆಯೇ, ಮನೆಗೆ ಬಂದವರ ಕೈಯಲ್ಲಿ ಕೆಲಸ ಮಾಡಿಸುವುದು ಮನೆಯವರಿಗೆ ಅವಮಾನ.

ಗುರುವಾರ ಕರೆಂಟು ಬಂತು. ಹತ್ತು ನಿಮಿಷದಲ್ಲಿ ಮನೆ ಖಾಲಿ. ಆರು ಕ್ಯಾನುಗಳೂ ಖಾಲಿ, ಕಟ್ಟಿಗೆ ಪೆಟ್ಟಿಗೆಯೂ ಖಾಲಿ. ನಲವತ್ತು ಲೋಟ ಮೇಜಿನ ಮೇಲೆ ಬಿದ್ದಿದ್ದವು. ಅವಳು ಆ ದಿನವಿಡೀ ನೀರು ಹೊತ್ತಳು, ನಾನು ರಸ್ತೆಯಿಂದ ನೋಡಿದೆ, ಕೈ ಬೀಸಿ ಮುಂದೆ ಹೋದೆ. ಶುಕ್ರವಾರ ಬೆಳಗ್ಗೆ ಏಳಕ್ಕೆ ಮತ್ತೆ ಕರೆಂಟು ಹೋಯಿತು.

ಹತ್ತು ಗಂಟೆಗೆ ಫ್ಲಾಸ್ಕು ತುಂಬಿಸಿಕೊಳ್ಳಲು ಅವಳ ಮನೆಗೆ ಹೋದೆ. ಮುಂಬಾಗಿಲಿಗೆ ಪೊರಕೆ ಒರಗಿಸಿತ್ತು.

ನಮ್ಮೂರಲ್ಲಿ ಯಾರೂ ಬೀಗ ಹಾಕುವುದಿಲ್ಲ. ಬಾಗಿಲಿಗೆ ಪೊರಕೆ ಒರಗಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದರ್ಥ, ಅಷ್ಟೆ. ಅದನ್ನು ದಾಟಿ ಒಳಗೆ ಹೋಗುವುದಿರಲಿ, ಬಾಗಿಲು ಬಡಿಯುವುದೂ ಇಲ್ಲ. ಬೀಗವನ್ನಾದರೂ ಒಡೆಯಬಹುದು, ಪೊರಕೆಯನ್ನು ಸರಿಸಿದ ಮನುಷ್ಯನನ್ನು ನಾನು ಕಂಡಿಲ್ಲ. ಆದರೆ ಚಿಮಣಿಯಲ್ಲಿ ಹೊಗೆ ಬರುತ್ತಿತ್ತು. ಬಾಗಿಲಿನಿಂದ ಹೊರಟ ಹೆಜ್ಜೆಗಳು ಹಿತ್ತಲಿನ ಕಡೆಗೆ ತಿರುಗಿದ್ದವು. ಅಂದರೆ ಪೊರಕೆ ಒರಗಿಸಿ, ಹಿಂಬಾಗಿಲಿನಿಂದ ಒಳಗೆ ಹೋಗಿದ್ದಾಳೆ. ಮನೆಯಲ್ಲಿದ್ದುಕೊಂಡೇ ಇಲ್ಲ ಅನ್ನುತ್ತಿದ್ದಾಳೆ.

ನನಗೆ ರೇಗಿತು. ಯಾವ ಮುಖ ಇಟ್ಟುಕೊಂಡು ರೇಗಿತೋ ಗೊತ್ತಿಲ್ಲ, ರೇಗಿದ್ದಂತೂ ನಿಜ. "ಆಯ್ತು ಬಿಡಮ್ಮ, ನಿನ್ ಕಾಫಿ ನೀನೇ ಕುಡ್ಕೊ," ಎಂದು ಬಾಗಿಲಿಗೆ ಕೇಳುವಂತೆ ಹೇಳಿ, ಬೂಟು ದಡದಡ ಕುಟ್ಟುತ್ತ ಮೆಟ್ಟಿಲಿಳಿದೆ. ನನ್ನ ಹಿಂದೆ ಇನ್ನೂ ಮೂವರು ಬಂದರಂತೆ, ನೋಡಿದರಂತೆ, ಹೋದರಂತೆ. ಮಧ್ಯಾಹ್ನದೊಳಗೆ ಊರಿನ ಹೆಚ್ಚಿನವರು ಮಕ್ಕಳುಮರಿ ಕಟ್ಟಿಕೊಂಡು ಪೇಟೆಯ ನೆಂಟರ ಮನೆಗಳಿಗೆ ಹೊರಟರು.

ಎರಡು ಗಂಟೆಗೆ ಮತ್ತೆ ಆ ದಾರಿಯಲ್ಲಿ ಬಂದೆ. ಚಳಿಗಾಲವಾದ್ದರಿಂದ ಆಗಲೇ ಕತ್ತಲು ಕವಿಯುತ್ತಿತ್ತು, ಚಳಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಚಿಮಣಿಯಲ್ಲಿ ಹೊಗೆ ನಿಂತಿತ್ತು. ಟ್ರ್ಯಾಕ್ಟರು ನಿಲ್ಲಿಸಿ ಇಳಿದು ಬಾಗಿಲವರೆಗೆ ಹೋದೆ. ಅಂಥ ಚಳಿಯಲ್ಲಿ ಸೈಮಿ ಒಲೆ ಆರಲು ಬಿಡುವವಳಲ್ಲ ಎಂದು ನನಗೆ ಗೊತ್ತಿತ್ತು. ಪೊರಕೆ ಅಲ್ಲೇ ಇತ್ತು. ಹಿಂದೆ ಸುತ್ತಿ ಹೋಗಿ ನೋಡಲೇ ಎಂದುಕೊಂಡೆ. ಅವಳು ಬಾಗಿಲು ತೆರೆದು, ಪೊರಕೆ ಕಾಣಲಿಲ್ವಾ ಎಂದು ಕೇಳಿದರೆ ಏನು ಹೇಳುವುದು ಎಂದೂ ಅನಿಸಿತು. ನಿದ್ದೆ ಮಾಡುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಹೊರಟುಹೋದೆ.

ಶನಿವಾರ ಬೆಳಗ್ಗೆ ಟಾರ್ಮೊ ಜನರೇಟರು ತರಲು ಪೇಟೆಗೆ ಹೋಗಿದ್ದ. ಮಾಲೈ ಎರಡು ಕ್ಯಾನು ಹಿಡಿದುಕೊಂಡು ಸೈಮಿಯ ಪಂಪಿಗೆ ಬಂದಳು. ಪಂಪು ಹೆಪ್ಪುಗಟ್ಟಿತ್ತು. ಅದಕ್ಕೆ ಬಿಸಿನೀರು ಹೊಯ್ಯದೆ ನೀರು ಬಾರದು ಎಂದು ಬುಧವಾರ ನೋಡಿ ತಿಳಿದಿದ್ದಳು. ಬಿಸಿನೀರು ಕೇಳೋಣವೆಂದು ಮೆಟ್ಟಿಲು ಹತ್ತಿದಳು. ಅಲ್ಲೊಂದು ಪೊರಕೆ ಕಂಡಿತು. ಬಂದವರು ಬೂಟಿನ ಹಿಮ ಗುಡಿಸಿಕೊಂಡು ಒಳಗೆ ಬರಲಿ ಎಂದೇ ಇಟ್ಟಿರಬೇಕು, ಎಷ್ಟು ಅಚ್ಚುಕಟ್ಟು ಹೆಂಗಸು ಎಂದುಕೊಂಡಳಂತೆ. ಎರಡೂ ಬೂಟು ಚೆನ್ನಾಗಿ ಗುಡಿಸಿ, ಪೊರಕೆಯನ್ನು ಪಕ್ಕಕ್ಕಿಟ್ಟು, ಬಾಗಿಲು ತೆರೆದಳು.

ನಾನು ಆಗ ತಿರುವಿನಲ್ಲಿದ್ದೆ. ಅವಳು ರಸ್ತೆ ನಡುವೆ ಓಡಿಬಂದು ಎರಡೂ ಕೈ ಚಾಚಿ ಟ್ರ್ಯಾಕ್ಟರಿಗೆ ಅಡ್ಡ ನಿಂತಳು.

"ಆಸ್ಕೊ! ಸೈಮಿ ನೆಲ! ಸೈಮಿ ನೆಲದ್ ಮೇಲೆ! ಬಾ!"

ಸೈಮಿ ಅಡುಗೆಮನೆಯ ಹಿಂಬಾಗಿಲಿನ ಪಕ್ಕದಲ್ಲಿ ಬಿದ್ದಿದ್ದಳು. ಶುಕ್ರವಾರ ಒಂಬತ್ತಕ್ಕೆ ಕಟ್ಟಿಗೆ ತರುವಾಗ ಹೊಸ್ತಿಲ ಮೇಲಿನ ಮಂಜುಗಡ್ಡೆಗೆ ಕಾಲು ಜಾರಿ ಸೊಂಟದ ಮೂಳೆ ಮುರಿದಿತ್ತು. ಕಾಲಿನಿಂದ ಬಾಗಿಲು ತಳ್ಳಿ ಮುಚ್ಚಿ, ನೆಲಹಾಸನ್ನು ಎಳೆದು ಮೈಮೇಲೆ ಹಾಕಿಕೊಂಡಿದ್ದಳು. ಇಪ್ಪತ್ತಾರು ಜನಕ್ಕೆ ಸಾಲುವ ನೀರು, ಹೊದಿಕೆ, ಟಾರ್ಚು, ರೇಡಿಯೊ ಎಲ್ಲ ಆ ಮನೆಯಲ್ಲೇ ಇದ್ದವು, ಒಂದೂ ಕೈಗೆ ಎಟುಕುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಆ ದೊಡ್ಡ ಒಲೆಯಲ್ಲಿ ಉಳಿದಿದ್ದ ಬಿಸಿಯೇ ಅವಳನ್ನು ಉಳಿಸಿತ್ತು.

ಮೊಬೈಲ್ ಟವರುಗಳು ಹಿಂದಿನ ದಿನವೇ ಸತ್ತಿದ್ದವು. ನಾನು ಒಂಬತ್ತು ಕಿಲೋಮೀಟರು ಆಚೆಯ ಗುಡ್ಡಕ್ಕೆ ಓಡಿಸಿ, ಅಲ್ಲಿಂದ ಫೋನು ಮಾಡಿ, ಆಂಬ್ಯುಲೆನ್ಸಿನ ಮುಂದೆ ಹಿಮ ತಳ್ಳುತ್ತ ವಾಪಸ್ಸು ಬರುವಷ್ಟರಲ್ಲಿ ಎರಡು ಗಂಟೆಯಾಯಿತು. ಅಷ್ಟೂ ಹೊತ್ತು ಸೈಮಿ ನೆಲದಿಂದಲೇ ಹೇಳಿಕೊಡುತ್ತಿದ್ದಳು, ಮಾಲೈ ಮಾಡುತ್ತಿದ್ದಳು. ನಾನು ಹೊರಡುವಾಗಲೇ ಕಿವಿಗೆ ಬಿದ್ದದ್ದು ಇದು:

"ಮೊದ್ಲು ಬೂದಿ ತೆಗಿ. ಆಮೇಲೆ ಬೆಂಕಿ. ಹಾಗಲ್ಲಮ್ಮ, ತೊಗಟೆ ಕೆಳಗಿಡು. ಹಾಂ, ಈಗ ಸರಿ."

ಎರಡು ವಾರದ ಮೇಲೆ ಆಸ್ಪತ್ರೆಗೆ ಹೋದೆ. ಆಪರೇಷನ್ ಆಗಿತ್ತು. ದಿಂಬಿಗೆ ಒರಗಿ ಕೂತಿದ್ದಳು, ಮುಖ ಸಣ್ಣದಾಗಿತ್ತು. ನಾನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದನ್ನು ಹೇಳಿದೆ.

"ಶುಕ್ರವಾರ ನಾನು ಎರಡು ಸಲ ಬಂದಿದ್ದೆ ಸೈಮಿ. ಪೊರಕೆ ನೋಡಿ ವಾಪಸ್ ಹೋದೆ."

"ಗೊತ್ತು. ನಿನ್ ಬೂಟಿನ ಸದ್ದು ನಂಗೊತ್ತಿಲ್ವಾ?"

"ಗೊತ್ತಿತ್ತಾ? ಮತ್ತೆ ಕೂಗೋದಲ್ವಾ ಮಾರಾಯ್ತಿ!"

"ಎರಡ್ನೇ ಸಲ ಕೂಗ್ದೆ. ಗಂಟಲೇ ಏಳ್ಲಿಲ್ಲ."

"ಮೊದಲ್ನೇ ಸಲ?"

ಅವಳು ಕಿಟಕಿಯ ಕಡೆಗೆ ನೋಡಿದಳು. ಹೇಳಲೋ ಬೇಡವೋ ಎಂದು ಯೋಚಿಸುವವಳಂತೆ ಇರಲಿಲ್ಲ, ಸುಮ್ಮನೆ ದಣಿದಿದ್ದಳು.

"ಮೊದಲ್ನೇ ಸಲ ಗಂಟಲು ಚೆನ್ನಾಗೇ ಇತ್ತು," ಎಂದಳು. "ಕೂಗೋಣ ಅಂತ ಬಾಯೂ ತೆಗ್ದೆ. ಆಮೇಲೆ ಅನ್ನಿಸ್ತು, ಕೂಗಿದ್ರೆ ಇವನು ಒಳಗೆ ಬರ್ತಾನೆ, ಬಂದ್ರೆ ಕಾಫಿ ಇಡ್ಬೇಕು. ಸುಮ್ನಾದೆ."

ನಗಲಿ ಎಂದು ಹೇಳಿದಳೇನೋ ಎಂದು ಅವಳ ಮುಖ ನೋಡಿದೆ. ಹಾಗಿರಲಿಲ್ಲ. ಸೊಂಟ ಮುರಿದುಕೊಂಡು ತಣ್ಣನೆಯ ನೆಲದ ಮೇಲೆ ಬಿದ್ದವಳಿಗೆ ಸಾವಿಗಿಂತ ನಾನು ದೊಡ್ಡ ಕೆಲಸವಾಗಿ ಕಂಡಿದ್ದೆ. ನನಗೆ ಅಳು ಬಂತು. ಅವಳೆದುರು ಅತ್ತರೆ ಸಮಾಧಾನ ಮಾಡುವ ಕೆಲಸವೂ ಅವಳಿಗೇ ಬೀಳುತ್ತದೆ ಎಂದು, "ಇರು, ನಿಂಗೊಂದು ಕಾಫಿ ತರ್ತೀನಿ," ಎಂದು ಹೊರಗೆ ಬಂದೆ.

ವರಾಂಡದ ತುದಿಯಲ್ಲಿ ಕಾಫಿ ಯಂತ್ರವಿತ್ತು. ಲೋಟ ಇಟ್ಟೆ. ಹಾಲು ಬೇಕೆ, ಸಕ್ಕರೆ ಬೇಕೆ ಎಂದು ಗುಂಡಿಗಳು ಕೇಳಿದವು. ಇಪ್ಪತ್ತೆರಡು ವರ್ಷ ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿದವನು ನಾನು. ಅವಳು ಒಂದು ಲೋಟ ಹಿಡಿದು ಕೂತದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ, ಒಂದೂ ನೆನಪಾಗಲಿಲ್ಲ. ಹಿಂದೆ ನಿಂತಿದ್ದ ನರ್ಸು, "ಯಾವ್ದಾದ್ರೂ ಒಂದು ಒತ್ತಿ," ಎಂದಳು. ನಾನು ಖಾಲಿ ಲೋಟ ಹಿಡಿದುಕೊಂಡು, ಕೇಳಿ ಬರಲು ವಾಪಸ್ಸು ಹೋದೆ.